ಪಂಕ್ತಿಯಲ್ಲಿ ಕುಳಿತ ಬುದ್ಧಿ

ಕಳೆದ ಭಾನುವಾರ ಬೆಳಿಗ್ಗೆ ಫೋಂಡಾದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಇದ್ದವರು ನಾನು, ನನ್ನ ಹೆಂಡತಿ, ಪಕ್ಕದ ಮನೆಯಾಕೆ, ಆಕೆಯ ಪುಟ್ಟ ಮಗಳು ಮತ್ತು ಒಂದು ಪೆಟ್ಟಿಗೆ. ಪೆಟ್ಟಿಗೆಯನ್ನೂ ಮಂದಿಯ ಜೊತೆ ಸೇರಿಸಿದ್ದಕ್ಕೆ ನಗಬೇಡಿ. ಆ ಬೆಳಿಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಕ್ಕಿದ್ದು ಅದಕ್ಕೇ. ಪಣಜಿಯ ದೊಡ್ಡ ಅಂಗಡಿಯಿಂದ ತಂದದ್ದು. ಮೇಲೆ ಕನ್ನಡಕ ಹಾಕಿಕೊಂಡ ಒಂದು ಮಗುವಿನ ಚಿತ್ರ. ಹಾಲುಹಲ್ಲು ಬೀಳುವ ಮೊದಲೇ ಅದಕ್ಕೆ ಬ್ಯಾಂಕಿನ ಮ್ಯಾನೇಜರನ ಗಾಂಭೀರ್ಯ ಬಂದಿತ್ತು. "ಇದನ್ನ ದಿನಾ ಆಡಿಸಿದರೆ ಐಕ್ಯೂ ಹೆಚ್ಚಾಗತ್ತಂತೆ" ಎಂದು ಪಕ್ಕದ ಮನೆಯಾಕೆ ದೇವರ ಪ್ರಸಾದದಂತೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು. ಮುಚ್ಚಳ ತೆಗೆದಳು. ಒಳಗೆ ಕೆಂಪು ಬಿಳಿ ಬಣ್ಣದ ಮರದ ಗಟ್ಟಿಗಳು. ಐಕ್ಯೂ ಹೆಚ್ಚಬೇಕಾದ ಮಗು ಒಂದನ್ನು ಎತ್ತಿ ನೆಕ್ಕಿ ನೋಡಿತು, ರುಚಿಸಲಿಲ್ಲ, ನಮ್ಮ ಬೆಕ್ಕಿನ ಬಟ್ಟಲಲ್ಲಿ ಹಾಕಿತು.

ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಮಸಾಲೆ ವಾಸನೆಗೆ ತವರುಮನೆ ನೆನಪಾಗುವವರು ಇದ್ದಾರೆ, ಮಳೆ ಬಿದ್ದ ಮಣ್ಣಿನ ವಾಸನೆಗೆ ಪ್ರೀತಿ ನೆನಪಾಗುವವರು ಇದ್ದಾರೆ. ಮರದ ಗಟ್ಟಿಗೆ ಬಳಿದ ಎನಾಮಲ್ ಬಣ್ಣದ ವಾಸನೆಗೆ ನನಗೆ ನೆನಪಾದದ್ದು ಮಡ್ಕಯಿಯ ಕ್ಯಾಂಟೀನು, ಮತ್ತು ಅಲ್ಲಿ ಒಂದು ದಿನ ನಮ್ಮ ಕಡೆಯ ಹೆಂಗಸರ ಬುದ್ಧಿಯನ್ನು ಅಳೆದ ರೀತಿ.

ಆಗ ನಾನು ಮಡ್ಕಯಿಯ ಕೈಗಾರಿಕಾ ವಸಾಹತಿನಲ್ಲಿ ಬಟ್ಟೆ ಒಗೆಯುವ ಸೋಪಿನ ಪುಡಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಎರಡು ಸಾವಿರದ ಆರನೇ ಇಸವಿಯ ಆಚೀಚೆ. ನಟ್ಟು, ಬೋಲ್ಟು, ಖಾಲಿ ಚೀಲ, ಕೈಗವಸು ಎತ್ತಿಕೊಡುವುದು ನನ್ನ ಕೆಲಸ. ಬುದ್ಧಿ ಖರ್ಚಾಗದ ಕೆಲಸವಾದ್ದರಿಂದ ಅದು ನನ್ನ ಹತ್ತಿರ ಸಾಕಷ್ಟು ಉಳಿದಿರಬೇಕು ಎಂದು ಬಹಳ ದಿನ ನಂಬಿದ್ದೆ. ಕನ್ನಡ, ಕೊಂಕಣಿ, ಮರಾಠಿ, ಇಂಗ್ಲಿಷ್ ನಾಲ್ಕೂ ನನಗೆ ಅರ್ಧರ್ಧ ಬರುತ್ತಿದ್ದವು. ನಾಲ್ಕು ಅರ್ಧ ಸೇರಿದರೆ ಎರಡು ಪೂರ್ತಿ ಆಗುತ್ತದಲ್ಲ ಎಂದು ನನ್ನನ್ನೇ ಎಲ್ಲದಕ್ಕೂ ದುಭಾಷಿ ಮಾಡುತ್ತಿದ್ದರು.

ನಮ್ಮಲ್ಲಿ ಪುಡಿ ತುಂಬುವ ವಿಭಾಗದಲ್ಲಿದ್ದವರೆಲ್ಲ ಹೆಂಗಸರು. ಎಲ್ಲರೂ ಬಾಗಲಕೋಟೆ, ವಿಜಾಪುರ, ಗದಗದ ಕಡೆಯಿಂದ ಬಂದವರು. ಮೇಲಿನ ಮಹಡಿಯಿಂದ ತಗಡಿನ ಕೊಳವೆಯೊಂದು ಇಳಿದು ಬಂದು ಬಾಯಿ ತೆರೆದು ನಿಂತಿತ್ತು. ಅದರಿಂದ ಪುಡಿ ದಬದಬ ಬೀಳುವುದು, ಇವರು ಚೀಲ ಹಿಡಿದು ತುಂಬಿ, ತೂಗಿ, ಬಾಯಿ ಹೊಲಿಯುವುದು. ಕೊಳವೆಯ ಬಾಯಿಗೆ ಹತ್ತಿರ ಕುಳಿತವಳಿಗೆ ಪುಡಿಯ ಪ್ರಸಾದ ಹೆಚ್ಚು. ಸಂಜೆಗೆ ಅವಳ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಆ ಜಾಗದಲ್ಲಿ ವರ್ಷಗಳಿಂದ ಕುಳಿತಿದ್ದವಳು ಹುಸೇನಬಿ. ಕೈ ಚುರುಕು ಎಂದು ಅಲ್ಲಿ ಕೂರಿಸಿದ್ದರು. ಚುರುಕು ಇದ್ದವರಿಗೆ ಸಿಗುವ ಬಹುಮಾನ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಇಂಥದ್ದೇ.

ಹುಸೇನಬಿಯ ಗಂಡ ಉಸಗಾಂವದಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಆತ ಕೆಂಪು ಧೂಳು, ಈಕೆ ಬಿಳಿ ಧೂಳು. "ನಮ್ಮ ಮನಿ ಒಗದ ನೀರಿನಾಗ ಗುಲಾಬಿ ಬಣ್ಣ ಬರತೈತ್ರಿ ಅಣ್ಣಾರ" ಎಂದು ಆಕೆಯೇ ನಗುತ್ತಿದ್ದಳು. ನಗು ಮುಗಿಯುವ ಮೊದಲು ಕೆಮ್ಮು ಬರುತ್ತಿತ್ತು. ಆ ವರ್ಷ ಅದು ಜಾಸ್ತಿಯಾಗಿತ್ತು. ಮಾತಿನ ನಡುವೆ ಗೋಡೆ ಹಿಡಿದು ನಿಲ್ಲುವಷ್ಟು. ಫೋಂಡಾದ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, ಪುಡಿ ಬಿಡು, ಇಲ್ಲದಿದ್ದರೆ ಪುಡಿ ನಿನ್ನನ್ನು ಬಿಡುವುದಿಲ್ಲ ಎಂದಿದ್ದರು. ಪುಡಿ ಬಿಡುವುದೆಂದರೆ ಕೆಲಸ ಬಿಡುವುದು. ಅದು ಅವರ ಮನೆಯಲ್ಲಿ ಯಾರ ಬಾಯಿಂದಲೂ ಬರುವ ಮಾತಾಗಿರಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಗೆ ಒಂದು ಹೊಸ ಯಂತ್ರ ಬಂತು. ಸಣ್ಣ ಪ್ಯಾಕೆಟ್ಟುಗಳನ್ನು ತಾನೇ ತುಂಬಿ ತಾನೇ ಅಂಟಿಸುವ ಯಂತ್ರ. ಸುತ್ತ ಗಾಜಿನ ಕೋಣೆ, ಒಳಗೆ ಎಸಿ, ಒಂದು ತಿರುಗುವ ಕುರ್ಚಿ. ಕುರ್ಚಿಯಲ್ಲಿ ಕುಳಿತವಳು ಬಟನ್ ಒತ್ತುವುದು, ಕೆಂಪು ದೀಪ ಬಂದರೆ ನಿಲ್ಲಿಸುವುದು, ಹಸಿರು ಬಂದರೆ ಮುಂದುವರಿಸುವುದು. ಒಂದು ಕಣ ಪುಡಿಯೂ ಮೂಗಿಗೆ ಬೀಳದ ಜಾಗ ಇಡೀ ಕಾರ್ಖಾನೆಯಲ್ಲಿ ಅದೊಂದೇ. ಮ್ಯಾನೇಜರ ಕೋಣೆಯಲ್ಲೂ ಫ್ಯಾನಿನ ರೆಕ್ಕೆಯ ಮೇಲೆ ಸೋಪು ಕೂತಿರುತ್ತಿತ್ತು. ಹಳೆಯ ಕೆಲಸಗಾರ್ತಿಯರಲ್ಲೇ ಒಬ್ಬಳನ್ನು ಆ ಕುರ್ಚಿಗೆ ಆರಿಸಬೇಕೆಂದು ತೀರ್ಮಾನವಾಯಿತು. ಅದು ಹುಸೇನಬಿಗೇ ಸಿಗಬೇಕೆಂದು ವಿಭಾಗದ ಹೆಂಗಸರೆಲ್ಲ ತಮ್ಮೊಳಗೇ ಆಡಿಕೊಂಡಾಗಿತ್ತು. ಸುಮ್ಮನೆ ಅವರನ್ನೇ ಕೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಕೇಳಿದರೆ ಗೊತ್ತಾಗಿಬಿಡುವ ಸಂಗತಿಗೆ ವಿಜ್ಞಾನದ ಗೌರವ ಎಲ್ಲಿಂದ ಬರಬೇಕು? ಹೆಡ್ ಆಫೀಸಿನವರು ಪುಣೆಯಿಂದ ಒಬ್ಬ ತಜ್ಞರನ್ನು ಕಳಿಸಿದರು.

ಅವರ ಹೆಸರು ಬೇಡ. ನಮ್ಮ ಹೆಂಗಸರು ಅವರಿಗೆ ಬುದ್ಧಿ ಸಾಹೇಬ್ರು ಎಂದು ಹೆಸರಿಟ್ಟರು, ಅದೇ ಸಾಕು. ತೆಳ್ಳಗಿನ, ಮೃದು ಮಾತಿನ ಮನುಷ್ಯ. ಯಾರ ಮುಖವನ್ನೂ ನೋಡದೆ, ಹಣೆಯ ಮೇಲ್ಭಾಗ ನೋಡುತ್ತ ಮಾತಾಡುತ್ತಿದ್ದರು. ಬುದ್ಧಿ ಇರುವುದು ಅಲ್ಲಿಯೇ ಅಲ್ಲವೇ! ಪರೀಕ್ಷೆ ಇದೆ, ಪುಣೆಯಿಂದ ಡಾಕ್ಟರು ಬರುತ್ತಾರೆ ಎಂದು ಹಿಂದಿನ ದಿನ ನಾನೇ ಹೋಗಿ ಹೇಳಿದ್ದೆ. ಅದರ ಪರಿಣಾಮವಾಗಿ ಮರುದಿನ ಅಷ್ಟೂ ಮಂದಿ ಚಹಾ ಕೂಡ ಕುಡಿಯದೆ ಬರಿಹೊಟ್ಟೆಯಲ್ಲಿ ಬಂದರು. ಪರೀಕ್ಷೆ ಎಂದರೆ ರಕ್ತದ್ದು ಎಂದುಕೊಂಡಿದ್ದರು. ಅವರಲ್ಲಿ ಬಾಯಿ ಜೋರಿನ ನೀಲವ್ವ ಸೆರಗು ಸರಿಸಿ ತೋಳು ಚಾಚಿಯೇ ಒಳಗೆ ಬಂದಳು.

"ಎಡಗೈನೋ ಬಲಗೈನೋ ಲಗೂನ ಹೇಳ್ರಿ ಅಣ್ಣಾರ, ಹಸಿವಿಗಿ ಕಣ್ಣ ಕತ್ತಲಿ ಬರಾಕತ್ತಾವು."

"ರಕ್ತ ಅಲ್ಲವ್ವಾ, ಬುದ್ಧಿ ನೋಡತಾರ" ಎಂದೆ.

"ಬುದ್ಧಿಗೂ ಉಪಾಸ ಇರಬೇಕೇನ್ರಿ?"

ಬೇಡ ಎಂದು ಹೇಳಿ ಪಾವ್, ಚಹಾ ತರಿಸಬೇಕಾಯಿತು. ಬುದ್ಧಿ ಸಾಹೇಬರು ಗಡಿಯಾರ ನೋಡುತ್ತ ನಿಂತಿದ್ದರು.

ಚಹಾ ಮುಗಿಯುವ ತನಕ ಸಾಹೇಬರು ಮ್ಯಾನೇಜರಿಗೂ ನನಗೂ ಬುದ್ಧಿಯ ವಿಷಯ ತಿಳಿಸಿದರು. ಬುದ್ಧಿ ಒಂದೇ, ಎಲ್ಲ ಕೆಲಸದ ಬೆನ್ನಿಗೂ ಅದೇ ಇರುತ್ತದೆ ಎನ್ನುವವರು ಇದ್ದಾರಂತೆ. ಅಲ್ಲ, ಅದು ಏಳೆಂಟು ಬಗೆ, ಹಾಡುವ ಬುದ್ಧಿ ಬೇರೆ, ಕುಣಿಯುವ ಬುದ್ಧಿ ಬೇರೆ ಎನ್ನುವವರೂ ಇದ್ದಾರಂತೆ. ತಾವು ಮೊದಲ ಪಂಗಡ ಎಂದರು. ಅದು ಹುಟ್ಟುವಾಗಲೇ ಬರುತ್ತದೆ, ಬೆಳೆದ ಮೇಲೆ ಹೆಚ್ಚುಕಡಿಮೆ ಆಗುವುದಿಲ್ಲ. ಮನೆತನದಲ್ಲಿ ಮೂಗು ಬರುವ ಹಾಗೆ. ಸರಾಸರಿ ಮನುಷ್ಯನ ಬುದ್ಧಿಯನ್ನು ನೂರು ಎಂದು ಇಟ್ಟಿದ್ದಾರೆ ಎಂದೂ ಹೇಳಿದರು. ಇಟ್ಟವರು ಯಾರು, ಅವರದೆಷ್ಟು ಎಂದು ಕೇಳುವ ಆಸೆಯಾಯಿತು. ಮ್ಯಾನೇಜರ್ ಸಾಹೇಬರು ಮಾತ್ರ ಒಳ್ಳೆಯದು ಎಂಬ ಅರ್ಥದಲ್ಲಿ "ಬರೆಂ, ಬರೆಂ" ಎಂದು ತಲೆಯಾಡಿಸಿದರು. ಅವರು ಒಳ್ಳೆಯವರು, ಅರ್ಥವಾಗದ ಮಾತಿಗೆ ಕೊಂಕಣಿಯಲ್ಲಿ ತಲೆಯಾಡಿಸಿ, ಅರ್ಥವಾದದ್ದಕ್ಕೆ ಇಂಗ್ಲಿಷಿನಲ್ಲಿ ಸಿಟ್ಟಾಗುತ್ತಿದ್ದರು.

ನಮ್ಮ ಅಜ್ಜಿ ಇದ್ದಿದ್ದರೆ ಸಾಹೇಬರ ಜೊತೆ ಒಂದು ಕೈ ನೋಡುತ್ತಿದ್ದಳು. ಅವಳ ಹತ್ತಿರ ಬುದ್ಧಿಗೆ ಅಂಕಿ ಇರಲಿಲ್ಲ, ಹೆಸರುಗಳಿದ್ದವು. ಶಾಣ್ಯಾ, ಹುಂಬ, ಉಡಾಳ, ಮಳ್ಳ, ಹಗಲಗನಸಿನಂವ ಹೀಗೆ. ಮೊಮ್ಮಕ್ಕಳನ್ನೆಲ್ಲ ಕೂರಿಸಿ ಒಬ್ಬನ ಕೈಗೆ ಬೆಲ್ಲದ ಹೆಂಟೆ ಕೊಟ್ಟು "ಹಂಚು" ಎನ್ನುತ್ತಿದ್ದಳು. ಅವಳ ಪರೀಕ್ಷೆ ಅಷ್ಟೇ. ನಾನು ಒಮ್ಮೆ ಎಲ್ಲರಿಗೂ ಸರಿಯಾಗಿ ಹಂಚಿ, ಕೈಗೆ ಮೆತ್ತಿದ್ದನ್ನೆಲ್ಲ ನೆಕ್ಕಿ, ಅದನ್ನೇ ನನ್ನ ಪಾಲಿಗಿಂತ ದೊಡ್ಡದಾಗಿಸಿಕೊಂಡೆ. ಅಜ್ಜಿ ನನ್ನ ತಾಯಿಗೆ ಹೇಳಿದಳು: "ನಿನ್ನ ಮಗ ಶಾಣ್ಯಾ ಅದಾನ. ಇದಕ ಭಾಳ ಖುಷಿ ಪಡಬ್ಯಾಡ."

ಪರೀಕ್ಷೆ ಕ್ಯಾಂಟೀನಿನಲ್ಲಿ. ಮೇಜುಗಳು ಅಲುಗಾಡುತ್ತವೆ, ಗಟ್ಟಿ ಜೋಡಿಸಲು ಆಗುವುದಿಲ್ಲ ಎಂದು ಸಾಹೇಬರು ನೆಲದ ಮೇಲೆ ಚಾಪೆ ಹಾಸಿಸಿದರು. ಹೆಂಗಸರು ದಿನಾ ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದ ಗೋಡೆಯ ಪಕ್ಕದಲ್ಲೇ ಸಾಲಾಗಿ ಕುಳಿತರು. ಸಾಲಿನ ತುದಿಗೆ ಚೆನ್ನವ್ವ. ಅವಳು ಅವರೆಲ್ಲರಲ್ಲಿ ಹಿರಿಯಳು, ಕಾರ್ಖಾನೆಯ ಬುನಾದಿಗೆ ಕಲ್ಲು ಹೊತ್ತವಳು, ನಿವೃತ್ತಿಗೆ ಹತ್ತಿರ ಬಂದವಳು. ಕಣ್ಣಿಗೆ ಪೊರೆ ಬಂದಿತ್ತು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ನಡುವೆ ರೂಪಾಯಿಯಗಲದ ಕುಂಕುಮ. ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು.

ಮೊದಲು ಬಾಯಿಪ್ರಶ್ನೆ. ನಾನು ಕನ್ನಡ ಮಾಡಿ ಕೇಳಬೇಕು. ಕುದುರೆ, ನಾಯಿ, ಕುರ್ಚಿ, ಬೆಕ್ಕು, ಇದರಲ್ಲಿ ಗುಂಪಿಗೆ ಸೇರದ್ದು ಯಾವುದು?

"ಕುದುರಿ" ಎಂದಳು ನೀಲವ್ವ ತಡಮಾಡದೆ.

"ಯಾಕವಾ?"

"ಉಳದದ್ದೆಲ್ಲಾ ಮನಿಯಾಗ ಇರತಾವು. ಬಾಡಿಗಿ ಖೋಲಿಯೊಳಗ ಕುದುರಿ ಹೊಂದೀತೇನ್ರಿ? ಮಾಲಕ ಬೆಕ್ಕಿಗೇ ಬೈತಾನ."

ಸಾಲಿನವರೆಲ್ಲ ಹೌದ್ರಿ ಹೌದ್ರಿ ಎಂದರು. ಸಾಹೇಬರು ತಪ್ಪು ಎಂದು ಗುರುತು ಹಾಕಿದರು. ನಾನು ಇನ್ನೊಮ್ಮೆ ಯೋಚಿಸಿದೆ. ನನಗೂ ಕುದುರೆಯೇ ಸರಿ ಕಾಣತೊಡಗಿತು.

ಆಮೇಲೆ ಗಟ್ಟಿ. ಪ್ರತಿಯೊಬ್ಬರ ಮುಂದೆ ಕೆಂಪು ಬಿಳಿ ಗಟ್ಟಿಗಳ ಗುಂಪು, ಒಂದು ಚಿತ್ರದ ಹಾಳೆ. ಹಾಳೆಯಲ್ಲಿ ಇದ್ದ ಹಾಗೆ ಗಟ್ಟಿ ಜೋಡಿಸಬೇಕು, ಮುಗಿದ ತಕ್ಷಣ ಕೈ ಎತ್ತಬೇಕು. ಕೈ ಎತ್ತಿದ ಹೊತ್ತೇ ಬುದ್ಧಿಯ ಹೊತ್ತು. ನಾನು ಎರಡೆರಡು ಸಲ ಹೇಳಿದೆ. ಸಾಹೇಬರು ಕೈಯಲ್ಲಿದ್ದ ಗಡಿಯಾರ ಒತ್ತಿದರು.

ಈಗ ನಾನು ಹೇಳುವುದನ್ನು ನೀವು ಕಣ್ಣಿಗೆ ತಂದುಕೊಳ್ಳಿ. ಹುಸೇನಬಿಯ ಬೆರಳುಗಳು ಒಮ್ಮೆ ಗಟ್ಟಿಗಳ ಮೇಲೆ ಹರಿದಾಡಿದವು, ನಿಂತವು. ನಾನು ಬಗ್ಗಿ ನೋಡಿದೆ, ಚಿತ್ರ ಪೂರ್ತಿಯಾಗಿತ್ತು. ಆದರೆ ಕೈ ಎತ್ತಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕುಳಿತಳು. ಆಮೇಲೆ ನೀಲವ್ವನದು ಮುಗಿಯಿತು. ಅವಳೂ ಕುಳಿತಳು. ಒಬ್ಬೊಬ್ಬರದೇ ಮುಗಿಯುತ್ತ ಬಂತು, ಒಬ್ಬೊಬ್ಬರೂ ಕುಳಿತರು. ನನಗೆ ಜೀವ ತಡೆಯಲಿಲ್ಲ. ಕಣ್ಣು ಮಿಟುಕಿಸಿದೆ, ಹುಬ್ಬು ಹಾರಿಸಿದೆ, ನನ್ನದೇ ಕೈಯನ್ನು ಅರ್ಧ ಎತ್ತಿ ತಲೆ ಕೆರೆದುಕೊಂಡೆ. ಹುಸೇನಬಿ ನನ್ನನ್ನು ನೋಡಿ, ಅಣ್ಣಾರಿಗೆ ಮೈ ಹುಷಾರಿಲ್ಲವೇನೋ ಎಂಬಂತೆ ಮುಖ ಮಾಡಿದಳು.

ತುದಿಯಲ್ಲಿ ಚೆನ್ನವ್ವ ಒಂದೊಂದು ಗಟ್ಟಿಯನ್ನೂ ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಇಟ್ಟು, ತೆಗೆದು ಮಾಡುತ್ತಿದ್ದಳು. ಒಂದು ಹಂತದಲ್ಲಿ ಅವಳದೂ ಸರಿಯಾಗಿತ್ತು. ಆದರೆ ಅವಳು ಬಟ್ಟೆಯ ಚೂರು ಜೋಡಿಸಿ ಕೌದಿ ಹೊಲಿಯುವವಳು. "ಈ ಮೂಲಿ ಖಾಲಿ ಕಾಣತೈತಿ" ಎಂದು ಗೊಣಗಿ ಮೂಲೆಯ ಗಟ್ಟಿ ತಿರುಗಿಸಿ ಚಿತ್ರವನ್ನು ಚಂದ ಮಾಡಿದಳು, ಅಂದರೆ ಕೆಡಿಸಿದಳು. ಮತ್ತೆ ಹಾಳೆ ನೋಡಿ ಸರಿ ಮಾಡಿದಳು. ಕೊನೆಗೆ ನಿಟ್ಟುಸಿರು ಬಿಟ್ಟು ಕೈ ಎತ್ತಿದಳು.

ಅವಳ ಕೈ ಮೇಲೇರಿದ್ದೇ ತಡ, ಸಾಲಿನ ಎಲ್ಲ ಕೈಗಳೂ ಒಮ್ಮೆಲೇ ಎದ್ದವು.

ಸಾಹೇಬರು ಗಡಿಯಾರ ನೋಡಿದರು. ಇನ್ನೊಂದು ಚಿತ್ರ ಕೊಟ್ಟರು. ಹಾಗೆಯೇ ಆಯಿತು. ಮತ್ತೊಂದು ಕೊಟ್ಟರು. ಅದೂ ಹಾಗೆಯೇ. ಅವರ ಮುಖದ ಮೇಲೆ ಮೊದಲ ಬಾರಿಗೆ ಬಣ್ಣ ಬಂತು. ಸಿಟ್ಟಿನದಲ್ಲ, ಸಂತೋಷದ್ದು. ಮ್ಯಾನೇಜರನ್ನು ಪಕ್ಕಕ್ಕೆ ಕರೆದು, ಇಷ್ಟು ವರ್ಷದ ಅನುಭವದಲ್ಲಿ ಹೀಗೆ ಕಂಡಿಲ್ಲ ಎಂದರು. ಒಂದು ಪ್ರದೇಶದಿಂದ ಬಂದ ಇಡೀ ಗುಂಪಿಗೆ ಒಂದೇ ಬುದ್ಧಿ! ಕಲಿಯದ ಜನ, ಒಂದೇ ಹವೆ, ಒಂದೇ ಆಹಾರ, ತಮ್ಮೊಳಗೇ ಮದುವೆ. ಆದ್ದರಿಂದ ಬುದ್ಧಿಯೂ ಒಂದೇ ಅಚ್ಚಿನಲ್ಲಿ ಎರಕವಾಗಿದೆ. ಇದರ ಮೇಲೆ ಒಂದು ಪ್ರಬಂಧ ಬರೆಯಬಹುದು. ಇವರೆಲ್ಲರ ಮಾನಸಿಕ ವಯಸ್ಸು ಎಂಟು ವರ್ಷದ ಮಗುವಿನದು.

ಹುಸೇನಬಿಯ ಮನೆತನಕ್ಕೂ ನೀಲವ್ವನ ಮನೆತನಕ್ಕೂ ತಮ್ಮೊಳಗೇ ಮದುವೆ ಯಾವ ಶಾಸ್ತ್ರದಲ್ಲಿ ಆಗುತ್ತದೆಂದು ನನಗೆ ತಿಳಿಯಲಿಲ್ಲ. ಮಾನಸಿಕ ವಯಸ್ಸಿನ ಮಾತನ್ನು ಮಾತ್ರ ಹೆಂಗಸರಿಗೆ ಹೇಳಲೇಬೇಕಾಯಿತು. "ಏನಂದ್ರು, ಏನಂದ್ರು" ಎಂದು ಬೆನ್ನು ಬಿದ್ದಿದ್ದರು.

"ಎಂಟು ವರ್ಷ?" ನೀಲವ್ವ ಕೆನ್ನೆಗೆ ಕೈಯಿಟ್ಟಳು. "ಯವ್ವಾ! ಮೂರು ಹಡದೇನಿ. ಇದನ ಹೊರಗ ಎಲ್ಲೂ ಆಡಬ್ಯಾಡ್ರಿ ಅಣ್ಣಾರ, ಸಣ್ಣ ಹುಡುಗೀನ ಮದುವಿ ಮಾಡ್ಕೊಂಡಾನಂತ ನಮ್ಮನಿಯವನ್ನ ಪೊಲೀಸ್ರು ಎಳಕೊಂಡ ಹೊಕ್ಕಾರ."

ಎಲ್ಲರೂ ನಕ್ಕರು. ಹುಸೇನಬಿಯೂ ನಕ್ಕಳು. ಕೆಮ್ಮು ಬಂತು. ಅವಳು ಗೋಡೆ ಹಿಡಿದುಕೊಂಡಾಗ ನಗು ನಿಂತಿತು.

ನಾನು ಅವಳನ್ನು ಕೇಳಿದೆ: "ನಿಂದು ಯಾವಾಗೋ ಮುಗದಿತ್ತಲ್ಲ, ಯಾಕ ಕೈ ಎತ್ತಲಿಲ್ಲ?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಕಂಡಿತು. "ಆಯಿದು ಮುಗದಿರಲಿಲ್ಲಲ್ರಿ."

"ಮುಗೀದಿದ್ರ ನಿನಗೇನು? ಇದು ನಿನ್ನ ಕುರ್ಚಿ ಪ್ರಶ್ನೆ."

"ಖರೇ ಐತ್ರಿ. ಆದ್ರ ಸಾಲಿನಾಗ ಕುಂತ ಮ್ಯಾಲೆ ದೊಡ್ಡಾಕಿಗಿಂತ ಮೊದಲ ಕೈ ಎತ್ತೂದು ಹ್ಯಾಂಗ್ರಿ? ಆಕಿ ಮನಸಿಗೆ ಏನಾದೀತು?"

ಆಗ ನನಗೆ ಹೊಳೆಯಿತು. ದಿನಾ ಮಧ್ಯಾಹ್ನ ಇದೇ ಗೋಡೆಯ ಪಕ್ಕ ಇದೇ ಸಾಲಿನಲ್ಲಿ ಇವರು ಉಣ್ಣುವುದನ್ನು ನಾನು ಕಂಡಿದ್ದೆ. ಚೆನ್ನವ್ವನಿಗೆ ಹಲ್ಲು ಕಡಿಮೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ ತಿನ್ನುವವಳು. ಉಳಿದವರ ಎಂಜಲು ಕೈ ಒಣಗಿ ಬಿರುಕು ಬಿಟ್ಟರೂ ಅವಳು ಕೈ ತೊಳೆಯುವ ತನಕ ಯಾರೂ ಏಳುತ್ತಿರಲಿಲ್ಲ. ಹಿಂದೂ ಮುಸ್ಲಿಂ ಎಂಬುದಿಲ್ಲ, ಅವರ ಪಂಕ್ತಿಯ ನಡಾವಳಿ ಅದು. ಸಾಹೇಬರು ಅವರನ್ನು ಅದೇ ಜಾಗದಲ್ಲಿ ಅದೇ ಸಾಲಿನಲ್ಲಿ ಕೂರಿಸಿ, ಮೊದಲು ಎದ್ದವರು ಜಾಣರು ಎಂದಿದ್ದರು. ನಮ್ಮ ಕಡೆ ಪಂಕ್ತಿಯಿಂದ ಮೊದಲು ಎದ್ದವರಿಗೆ ಬೇರೆ ಹೆಸರು ಇದೆ. ಅದು ಜಾಣ ಎಂದಲ್ಲ. ಸಾಹೇಬರ ಗಡಿಯಾರ ಅಷ್ಟೂ ಹೊತ್ತು ಅಳೆದದ್ದು ಚೆನ್ನವ್ವನ ಕಣ್ಣಿನ ಪೊರೆಯನ್ನು.

ಇದನ್ನೆಲ್ಲ ಸಾಹೇಬರಿಗೆ ಹೇಳಿದೆ. ನನ್ನ ಹಣೆಯ ಮೇಲ್ಭಾಗ ನೋಡಿ, "ನೀವು ಏನು ಓದಿದ್ದೀರಿ?" ಎಂದು ಕೇಳಿದರು. ಹೇಳಿದೆ. ಪಾಪ ಎಂಬಂತೆ ಭುಜ ತಟ್ಟಿದರು. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಪರೀಕ್ಷೆ ಹೇಗೆಂದು ತೋರಿಸಲು ಬೆಳಿಗ್ಗೆ ಮೊದಲು ನನ್ನನ್ನೇ ಗಟ್ಟಿ ಜೋಡಿಸಲು ಹಚ್ಚಿದ್ದರು. ನನ್ನದೆಷ್ಟು ಎಂದು ಆಗಲೇ ಒಂದು ಸಲ ಕೇಳಿದ್ದೆ, ಆಗಲೂ ಭುಜವನ್ನೇ ತಟ್ಟಿದ್ದರು. ಬುದ್ಧಿಮಾಪನವನ್ನು ಗೇಲಿ ಮಾಡುವ ನಾನು ಆ ಅಂಕಿಗಾಗಿ ಒಳಗೊಳಗೇ ಎಷ್ಟು ಹಂಬಲಿಸಿದೆನೆಂದರೆ, ಆ ದಿನ ರಾತ್ರಿ ಹೆಂಡತಿಗೆ "ಸುಮಾರು ನೂರಿಪ್ಪತ್ತು ಇರಬಹುದು" ಎಂದು ನಾನೇ ಹೇಳಿಕೊಂಡೆ. ಅವಳು "ಕಿಲೋನ?" ಎಂದು ಕೇಳಿ ಮಗ್ಗುಲಾದಳು.

ಮ್ಯಾನೇಜರ್ ಸಾಹೇಬರಿಗೆ ನನ್ನ ಮಾತು ಅರ್ಥವಾಯಿತು. ಇಂಗ್ಲಿಷಿನಲ್ಲಿ ಸ್ವಲ್ಪ ಸಿಟ್ಟಾದರು, ಹುಸೇನಬಿಯನ್ನು ಒಬ್ಬಳನ್ನೇ ತಮ್ಮ ಕೋಣೆಯಲ್ಲಿ ಕೂರಿಸಿ ಇನ್ನೊಮ್ಮೆ ನೋಡಿ ಎಂದರು. ನೋಡಿದರು. ಬಾಗಿಲು ಮುಚ್ಚಿತ್ತು, ಒಳಗೆ ಪಂಕ್ತಿ ಇರಲಿಲ್ಲ, ಆಯಿ ಇರಲಿಲ್ಲ. ಹುಸೇನಬಿ ಒಂದಾದ ಮೇಲೊಂದು ಚಿತ್ರ ಜೋಡಿಸಿ ಕೈ ಎತ್ತುತ್ತ ಹೋದಳು. ಸಾಹೇಬರು ಗಡಿಯಾರವನ್ನು ಕಿವಿಗಿಟ್ಟು ನೋಡಿದರು. ಅದು ಸರಿಯಾಗಿಯೇ ಓಡುತ್ತಿತ್ತು. ಆಮೇಲೆ ಹೇಳಿದರು: ಒಬ್ಬ ಮನುಷ್ಯನ ಬುದ್ಧಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಆಗಲಾರದು. ಆದ್ದರಿಂದ ಎರಡರಲ್ಲಿ ಒಂದು ಸುಳ್ಳು. ಎರಡನೆಯದು ಅಭ್ಯಾಸದಿಂದ ಬಂದದ್ದು, ಅದು ಬುದ್ಧಿಯಲ್ಲ. ಮೊದಲನೆಯದೇ ಲೆಕ್ಕಕ್ಕೆ.

ಅಂದರೆ, ಎದುರಿಗೆ ಕೂತ ಹೆಂಗಸಿಗಿಂತ ಸಿದ್ಧಾಂತವೇ ಗಟ್ಟಿ. ಎದೆಯ ಫೋಟೋವನ್ನು ತೋರಿಸಿದ್ದರೆ ಅದನ್ನೂ ಅಭ್ಯಾಸ ಎನ್ನುತ್ತಿದ್ದರೋ ಏನೋ.

ಹುಸೇನಬಿ ಹೊರಗೆ ಬಂದವಳು ನನ್ನನ್ನು ಕೇಳಿದಳು: "ಆತೇನ್ರಿ ಅಣ್ಣಾರ?"

"ಇಲ್ಲವ್ವಾ" ಎಂದೆ.

"ಯಾಕ್ರಿ, ತಪ್ಪಾತೇನು?"

"ಇಲ್ಲ, ಸರಿ ಆತು. ಅದಕ್ಕ."

ಅವಳು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಕೊಳವೆಯ ಕಡೆಗೆ ಹೋದಳು.

ಎಲ್ಲರ ಬುದ್ಧಿಯೂ ಒಂದೇ ಎಂದು ವಿಜ್ಞಾನ ತೀರ್ಪು ಕೊಟ್ಟ ಮೇಲೆ ಆರಿಸುವುದು ಹೇಗೆ? ಹೆಡ್ ಆಫೀಸಿನವರು ತಮ್ಮ ಹಳೆಯ ನಿಯಮಕ್ಕೇ ಬಂದರು: ಸಮ ಬಂದರೆ ಸೇವೆಯಲ್ಲಿ ಹಿರಿಯರಿಗೆ. ಹಾಗಾಗಿ ಪುಣೆಯಿಂದ ಬಂದ ಗಡಿಯಾರ, ಗಟ್ಟಿ, ಸಿದ್ಧಾಂತ ಎಲ್ಲ ಸೇರಿ, ದೀಪದ ಬಣ್ಣ ನೋಡಿ ಬಟನ್ ಒತ್ತುವ ಕೆಲಸಕ್ಕೆ ಕಣ್ಣಿಗೆ ಪೊರೆ ಬಂದ ಚೆನ್ನವ್ವನನ್ನು ಆರಿಸಿದವು.

ಚೆನ್ನವ್ವ ಬೇಡ ಎನ್ನಬಹುದಿತ್ತು. ಆದರೆ ಬೇಡ ಎಂದರೆ ಕುರ್ಚಿ ಸಾಲಿನ ಎರಡನೆಯವಳಿಗೆ, ಆಮೇಲೆ ಮೂರನೆಯವಳಿಗೆ. ಹುಸೇನಬಿಯ ಸರದಿ ಬರುವ ಹೊತ್ತಿಗೆ ಹುಸೇನಬಿ ಇರುತ್ತಿದ್ದಳೋ ಇಲ್ಲವೋ. ಇದನ್ನು ಅವಳು ಯಾರಿಗೂ ವಿವರಿಸಲಿಲ್ಲ. ಮೊದಲ ದಿನ ಚಪ್ಪಲಿ ಹೊರಗೆ ಬಿಟ್ಟು ಗಾಜಿನ ಕೋಣೆಯೊಳಗೆ ಹೋದಳು, ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು, ಹೊರಗೆ ಬಂದಳು.

"ಒಳಗ ಭಾಳ ಥಂಡಿ ಐತ್ರಿ ಸಾಹೇಬ್ರ, ನನ್ನ ಮೊಣಕಾಲಿಗೆ ಒಗ್ಗೂದಿಲ್ಲ. ಇವತ್ತೊಂದಿನ ಹುಸೇನಿ ನನ್ನ ಬದಲಿ ಕುಂದ್ರಲಿ" ಎಂದಳು. ನಾನು ಕೊಂಕಣಿ ಮಾಡಿ ಹೇಳಿದೆ. ಕಾರ್ಖಾನೆಗಳಲ್ಲಿ ಬದಲಿ ಎಂಬುದು ಇರುವುದೇ. ಒಬ್ಬರಿಗೆ ಆಗದಿದ್ದರೆ ಆ ದಿನ ಇನ್ನೊಬ್ಬರು ನಿಲ್ಲುತ್ತಾರೆ. ಮ್ಯಾನೇಜರ್ ಸಾಹೇಬರು "ಬರೆಂ" ಎಂದರು. ಈ ಸಲ ಅವರಿಗೆ ಅರ್ಥವಾಗಿತ್ತು ಎಂದು ನನ್ನ ಗುಮಾನಿ.

ಹುಸೇನಬಿ ಒಪ್ಪಲಿಲ್ಲ. "ನಿನ್ನ ಕುರ್ಚಿ ಮ್ಯಾಲೆ ನಾ ಹ್ಯಾಂಗ ಕುಂದ್ರಲಿ ಆಯಿ? ಮಂದಿ ಏನಂದಾರು?"

"ಕುಂದ್ರು ಅನ್ನಾಕತ್ತಾಕಿ ನಾನ. ಕೈ ಎತ್ತಾಕ ನನ್ನ ದಾರಿ ಕಾಯ್ತಿ, ಕುಂದ್ರು ಅಂದ್ರ ಕೇಳೂದಿಲ್ಲ? ಯಾವ ಊರ ಮರ್ಯಾದಿ ಇದು?"

ಹುಸೇನಬಿ ಕುಳಿತಳು. ಚೆನ್ನವ್ವ ಹೋಗಿ ಕೊಳವೆಯ ಬಾಯಿಯ ಹತ್ತಿರ, ಹುಸೇನಬಿಯ ಖಾಲಿ ಜಾಗದಲ್ಲಿ ಕುಳಿತಳು. ಮೊಣಕಾಲಿನ ಥಂಡಿ ಮರುದಿನವೂ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ.

ಒಂದು ಮಳೆಗಾಲ ಕಳೆದ ಮೇಲೆ ಬುದ್ಧಿ ಸಾಹೇಬರು ತಮ್ಮ ಆಯ್ಕೆ ಹೇಗೆ ನಡೆಯುತ್ತಿದೆ ಎಂದು ನೋಡಲು ಬಂದರು. ಯಂತ್ರ ಲಯಬದ್ಧವಾಗಿ ಓಡುತ್ತಿತ್ತು. ಸಾಹೇಬರು ಗಾಜಿನ ಕೋಣೆಯ ಬಾಗಿಲು ತೆರೆದು "ಹೇಗಿದ್ದೀರಿ, ಚೆನ್ನವ್ವ?" ಎಂದು ಹಿಂದಿಯಲ್ಲಿ ಕೇಳಿದರು. ಹುಸೇನಬಿ ನನ್ನ ಮುಖ ನೋಡಿದಳು. ನಾನು ಮ್ಯಾನೇಜರ ಮುಖ ನೋಡಿದೆ. ಮ್ಯಾನೇಜರು ಹೊರಗಿನ, ಸೋಪು ಕೂತ ಫ್ಯಾನಿನ ರೆಕ್ಕೆ ನೋಡುತ್ತಿದ್ದರು.

"ಆರಾಮ ಅದೀನ್ರಿ" ಎಂದಳು ಹುಸೇನಬಿ.

ಸಾಹೇಬರಿಗೆ ತೃಪ್ತಿಯಾಯಿತು. ಹೊರಗೆ ಬಂದು ಕೊಳವೆಯ ಹತ್ತಿರ ಸೆರಗು ಕಟ್ಟಿಕೊಂಡು ಕುಳಿತವಳನ್ನು, "ನಿಮ್ಮ ಹೆಸರು?" ಎಂದು ಕೇಳಿದರು. ಮೂರು ಬೆರಳ ವಿಭೂತಿ, ರೂಪಾಯಿಯಗಲದ ಕುಂಕುಮದ ಚೆನ್ನವ್ವ ಸೆರಗು ಸರಿಸಿ, "ಹುಸೇನಬಿ ರೀ" ಎಂದಳು. ನೀಲವ್ವ ಚೀಲದೊಳಗೆ ತಲೆ ಹಾಕಿದಳು, ಚೀಲ ಅಲುಗುತ್ತಿತ್ತು. ಹಣೆಯ ಮೇಲ್ಭಾಗವನ್ನೇ ನೋಡುವ ಮನುಷ್ಯನಿಗೆ ಹಣೆಯೇ ಕಾಣಲಿಲ್ಲ. ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ನೋಡಿ, ಅವತ್ತು ನಿಮ್ಮ ಮಾತು ಕೇಳಿ ಈಕೆಯನ್ನು ಅಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತು?"

ಅವರ ವರದಿಯಲ್ಲಿ ಪರೀಕ್ಷೆ ಫಲಿಸಿದ್ದಕ್ಕೆ ಮಡ್ಕಯಿಯ ಚೆನ್ನವ್ವನದೇ ಉದಾಹರಣೆ ಎಂದು ಆಮೇಲೆ ಕೇಳಿದೆ. ಎಲ್ಲಿಯೋ ಯಾರೋ ಓದಿಯೂ ಇರಬಹುದು. ಪಕ್ಕದ ಮನೆಯಾಕೆಯ ಪೆಟ್ಟಿಗೆಯಂಥವು ಇಂಥ ವರದಿಗಳಿಂದಲೇ ಹುಟ್ಟುತ್ತವೆಯೇನೋ ಎಂದು ನನಗೆ ಈಗೀಗ ಅನುಮಾನ.

ಆ ಚಳಿಗಾಲದ ಹೊತ್ತಿಗೆ ಹುಸೇನಬಿಯ ಕೆಮ್ಮು ನಿಂತಿತು. ನಕ್ಕರೆ ನಗು ಪೂರ್ತಿ ಮುಗಿಯುತ್ತಿತ್ತು. ಬೇಸಗೆಯಲ್ಲಿ ಚೆನ್ನವ್ವನಿಗೆ ಶುರುವಾಯಿತು. ಹುಸೇನಬಿ ಗಾಜಿನ ಕೋಣೆಯಿಂದ ಎದ್ದು ಬಂದು, "ಸಾಕಾತು ಆಯಿ, ನೀ ಒಳಗ ನಡಿ" ಎಂದು ಅವಳ ಕೈ ಹಿಡಿದು ಎಳೆದಳು. ಚೆನ್ನವ್ವ ಕೈ ಬಿಡಿಸಿಕೊಂಡಳು. "ಮುದುಕಿ ಕೆಮ್ಮಿದ್ರ ಯಾರೂ ಕೇಳೂದಿಲ್ಲ ಬಿಡು. ಕುಂದ್ರ ಹೋಗು, ಕೆಂಪ ದೀಪ ಬಂದೈತಿ."

ಆ ದೀಪಾವಳಿಗೆ ಅವಳ ಸೇವೆ ಮುಗಿಯಿತು. ಅತ್ಯುತ್ತಮ ಯಂತ್ರ ನಿರ್ವಾಹಕಿ ಎಂದು ಶಾಲು ಹೊದಿಸಿ ಕಳಿಸಿದರು. ಕುರ್ಚಿಗೆ ಮ್ಯಾನೇಜರ್ ಸಾಹೇಬರು ಯಾರನ್ನೂ ಕೇಳದೆ ಹುಸೇನಬಿಯ ಹೆಸರು ಹಾಕಿದರು. ಚೆನ್ನವ್ವ ಬಾಗಲಕೋಟೆಯ ಕಡೆಯ ತನ್ನ ಊರಿಗೆ ಹೋದಳು. ಮುಂದಿನ ವರ್ಷ ಹುಸೇನಬಿ ರಜೆ ಹಾಕಿ ಅವಳನ್ನು ನೋಡಿಕೊಂಡು ಬಂದಳು. ಬಂದ ದಿನ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ.

"ಹ್ಯಾಂಗ ಅದಾಳ ಆಯಿ?"

"ಚಲೋ ಅದಾಳ್ರಿ. ನಿಮ್ಮನ್ನ ಕೇಳಿದ್ಲು. ಹೊಸ ಕೌದಿ ಹಾಕಾಕತ್ತಾಳ."

"ಕೆಮ್ಮು?"

ಹುಸೇನಬಿ ಕುರ್ಚಿ ಮುಂದಕ್ಕೆ ಎಳೆದುಕೊಂಡು ಬಟನ್ ಒತ್ತಿದಳು. ಯಂತ್ರ ಶುರುವಾಯಿತು.